ಉತಾರ ಯಾರ ಹೆಸರಲ್ಲಿದೆ?

ರೈತ ಬಾಂಧವರೇ, ತಾಯಂದಿರೇ, ಎಲ್ಲರಿಗೂ ನಮಸ್ಕಾರ.

ನಮ್ಮ ಹೊಲ ಇರುವುದು ನವಲಗುಂದ ತಾಲೂಕಿನಲ್ಲಿ, ಬೆಣ್ಣಿಹಳ್ಳದ ದಂಡೆಗೆ. ಎರೆ ಭೂಮಿ. ಆಗಸ್ಟ್‌ನಲ್ಲಿ ಹೆಸರು ಕಾಯಿ ಕಪ್ಪಾಗಿ, ನಾಳೆ ನಾಡಿದ್ದು ಬಿಡಿಸೋಣ ಅನ್ನುವಾಗಲೇ ಜಿಟಿಜಿಟಿ ಮಳೆ ಹಿಡಿಯುತ್ತದೆ. ವಾರ ಬಿಟ್ಟು ಹೋಗಿ ಒಂದು ಕಾಯಿ ಸುಲಿದು ನೋಡಿದರೆ ಒಳಗಿನ ಕಾಳೆಲ್ಲ ಬಿಳಿ ಮೊಳಕೆ. ಮೂಗಿಗೆ ಹಿಡಿದರೆ ಮುಗ್ಗು ವಾಸನೆ. ಗಿಡದಲ್ಲೇ ಮೊಳೆತ ಕಾಳನ್ನು ಯಾವ ಪೇಟೆಯಲ್ಲಿ ಕೊಳ್ಳುತ್ತಾರೆ ಹೇಳಿ?

2019ರ ಆಗಸ್ಟ್‌ನಲ್ಲಿ ಹಳ್ಳವೇ ಹೊಲಕ್ಕೆ ನುಗ್ಗಿತು. ಆಮೇಲೆ ಅಕ್ಕಪಕ್ಕದವರಿಗೆ ಪರಿಹಾರ ಬಂತು. ನಮಗೆ ಬರಲಿಲ್ಲ. ವಿಚಾರಿಸಿದರೆ ಉತಾರ, ಅಂದರೆ ಹೊಲದ ಪಹಣಿ, ಇನ್ನೂ ಅಪ್ಪನ ಹೆಸರಲ್ಲೇ ಇತ್ತು. ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ಅಣ್ಣ ತಮ್ಮಂದಿರಲ್ಲಿ ಜಗಳ ಏನೂ ಇರಲಿಲ್ಲ. ಮಾಡಿಸಿದರಾಯ್ತು ಅಂತ ವಾರಸಾ ಹಚ್ಚಿಸದೆ, ಅಂದರೆ ವಾರಸುದಾರರ ಹೆಸರು ಏರಿಸದೆ, ಸುಮ್ನೆ ಬಿಟ್ಟಿದ್ದೆವು. ಆ ವರ್ಷ ಹಿಂಗಾರಿ ಕಡಲೆ ಬೀಜಕ್ಕೆ ಅವ್ವನ ಕಿವಿಯೋಲೆ ಅಡವಿಟ್ಟೆವು.

ಅದಕ್ಕೇ ಇವತ್ತು ನಾನು ಜೋರಾಗಿ ಹೇಳುವ ಮಾತು ಒಂದೇ. ಮಳೆ ಬರುವ ಮುಂಚೆಯೇ ಉತಾರ ತೆಗೆಸಿ ನೋಡಿ. ತೀರಿಹೋದವರ ಹೆಸರಿದ್ದರೆ ಈ ವಾರವೇ ಪೌತಿ ಖಾತೆಗೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಿಸಲು, ಅರ್ಜಿ ಕೊಡಿ. ನಿಮ್ಮ ಎಲ್ಲ ಸರ್ವೆ ನಂಬರ್ ಫ್ರೂಟ್ಸ್ ಐಡಿಗೆ, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆಗೆ, ಸೇರಿದೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ದುಡ್ಡು ನೇರವಾಗಿ ಅಲ್ಲಿಗೇ ಬರುತ್ತದೆ.

ಇನ್ನೊಂದು, ಬೆಳೆ ಸಮೀಕ್ಷೆ. ಹೊಲದಲ್ಲಿ ಹೆಸರು ಬೆಳೆ ನಿಂತಿರುತ್ತದೆ, ದಾಖಲೆಯಲ್ಲಿ ಗೋವಿನಜೋಳ ಅಂತ ಇರುತ್ತದೆ. ಇಂಥದ್ದು ಎಷ್ಟೋ ಊರಲ್ಲಿ ಆಗಿದೆ. ರೈತರೇ ಮೊಬೈಲಿನಲ್ಲಿ ಬೆಳೆಯ ಫೋಟೋ ಹಾಕಬಹುದು. ಹಾಕಿದ್ದು ಸರಿ ಇದೆಯಾ ಅಂತ ಬೆಳೆ ದರ್ಶಕ ಆ್ಯಪ್‌ನಲ್ಲಿ ನೋಡಿ, ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಿ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳಿದ್ದರೆ ಹತ್ತು ನಿಮಿಷದ ಕೆಲಸ.

ಈಗ ದುಡ್ಡಿನ ಮಾತು. ಪರಿಹಾರ ಸಿಗಬೇಕಾದರೆ ಬೆಳೆ ಶೇಕಡಾ 33ರಷ್ಟಾದರೂ ಹಾಳಾಗಿರಬೇಕು. ವಿಪತ್ತು ಪರಿಹಾರ ನಿಧಿಯ 2022ರಿಂದ 2026ರ ಮಾರ್ಚ್‌ವರೆಗಿನ ನಿಯಮದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ತೋಟದ ಬಹುವಾರ್ಷಿಕ ಬೆಳೆಗೆ 22,500. ನಾವು ಲೆಕ್ಕ ಹಾಕುವುದು ಎಕರೆಯಲ್ಲಿ ಅಲ್ವಾ? ಒಣಬೇಸಾಯದ ಎಕರೆಗೆ ಸುಮಾರು 3,440 ರೂಪಾಯಿ ಬೀಳುತ್ತದೆ. ಅದೂ ಎರಡು ಹೆಕ್ಟೇರಿಗೆ ಮಾತ್ರ, ಅಂದರೆ ಸುಮಾರು ಐದು ಎಕರೆಗೆ. 2025ರ ಮುಂಗಾರಿನ ಹಾನಿಗೆ ರಾಜ್ಯ ಸರ್ಕಾರ ಹೆಕ್ಟೇರಿಗೆ ಇನ್ನೂ 8,500 ರೂಪಾಯಿ ಸೇರಿಸಿ ಕೊಡುವುದಾಗಿ ಹೇಳಿತು. ಒಳ್ಳೆಯ ಕೆಲಸ.

ಇದು ಹೋದ ಬೆಳೆಯ ಬೆಲೆ ಅಲ್ಲ. ಮುಂದಿನ ಬಿತ್ತನೆಯ ಬೀಜ, ಗೊಬ್ಬರಕ್ಕೆ ಅಂತ ಕೊಡುವ ಆಸರೆ. ಹಾಗಿದ್ದ ಮೇಲೆ ಹಿಂಗಾರಿ ಬಿತ್ತನೆಗೆ ಮುಂಚೆಯೇ ಅದು ರೈತನ ಕೈ ಸೇರಬೇಕು. ಬಿತ್ತನೆ ಮುಗಿದ ಮೇಲೆ ಬಂದ ದುಡ್ಡು ಸಾಲದ ಬಡ್ಡಿಗೆ ಹೋಗುತ್ತದೆ. ಸಮೀಕ್ಷೆಗೆ ಬರುವ ಅಧಿಕಾರಿಗಳು ಇದನ್ನು ದಯವಿಟ್ಟು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಬೆಳೆ ವಿಮೆ ಬೇರೆ, ಈ ಪರಿಹಾರ ಬೇರೆ. ವಿಮೆ ಕಟ್ಟಿದವರು ಆಲಿಕಲ್ಲು ಬಿದ್ದರೆ, ಕೊಯ್ದು ಹೊಲದಲ್ಲಿ ಹರವಿದ ಬೆಳೆ ಅಕಾಲದ ಮಳೆಗೆ ನೆನೆದರೆ, 72 ಗಂಟೆಯೊಳಗೆ ತಿಳಿಸಬೇಕು.

ಕೊನೆಗೆ ಲಾವಣಿ ಮಾಡುವವರ, ಅಂದರೆ ಬೇರೆಯವರ ಹೊಲ ಗುತ್ತಿಗೆಗೆ ಹಿಡಿದು ಬಿತ್ತುವವರ ವಿಷಯ. ನಮ್ಮ ಬದುವಿನ ಆಚೆ ಒಬ್ಬ ಗೆಳೆಯ ಲಾವಣಿಗೆ ಹೊಲ ಹಿಡಿದಿದ್ದಾನೆ. ಬೀಜ ಅವನದು, ಗೊಬ್ಬರ ಅವನದು, ಕಳೆ ತೆಗೆಯುವ ಕೈ ಅವನ ಹೆಂಡತಿಯದು. ಪರಿಹಾರ ಮಾತ್ರ ಉತಾರದಲ್ಲಿ ಹೆಸರಿದ್ದವರ ಖಾತೆಗೆ ಹೋಗುತ್ತದೆ. ಹೊಲದ ಮಾಲೀಕರೇ, ನೀವು ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಕೂತು ಇದನ್ನು ಕೇಳುತ್ತಿದ್ದರೆ, ದುಡ್ಡು ಜಮಾ ಆದ ದಿನವೇ ಅವನಿಗೊಂದು ಫೋನ್ ಮಾಡಿ. ಕಡಲೆ ಬಿತ್ತುವ ಹದ ನಾಲ್ಕು ದಿನ ಇದ್ದರೆ ಜಾಸ್ತಿ.

ನಮಸ್ಕಾರ.