ನೆರಳು ಹಿಡಿದ ಮೂರ್ತಿ

ಕೇಳುಗರಿಗೆ ನಮಸ್ಕಾರ.

ಬಾನುಲಿಯಲ್ಲಿ ಕುಳಿತು ಕ್ಯಾಮೆರಾದ ಬಗ್ಗೆ ಮಾತನಾಡುವುದೆಂದರೆ ಹಸಿದವರಿಗೆ ಬಾಯಿಮಾತಿನಲ್ಲೇ ಹೋಳಿಗೆ ಬಡಿಸಿದ ಹಾಗೆ. ಆದರೂ ಒಂದು ಅನುಕೂಲವಿದೆ. ನನ್ನ ಮಾತು ಕೇಳಲು ನೀವು ಕಣ್ಣು ತೆರೆದಿರಬೇಕಾಗಿಲ್ಲ. ಮುಚ್ಚಿಕೊಳ್ಳಿ. ಕತ್ತಲೆಯಿಂದಲೇ ಶುರು ಮಾಡೋಣ.

ಒಂದು ದೊಡ್ಡ ಖಾಲಿ ಸ್ಟುಡಿಯೊ. ಎತ್ತರದ ಚಾವಣಿ. ಮೇಲಿನಿಂದ ಒಂದೇ ಒಂದು ಬಿಸಿಲುಕೋಲು ಓರೆಯಾಗಿ ನೆಲಕ್ಕೆ ಇಳಿದಿದೆ. ಅದರೊಳಗೆ ಧೂಳು ತೇಲುತ್ತಿದೆ. ಒಬ್ಬ ಗಂಡಸು, ಒಬ್ಬ ಹೆಂಗಸು ದೂರದೂರ ನಿಂತಿದ್ದಾರೆ. ಇಬ್ಬರೂ ಮಾತನಾಡುವುದಿಲ್ಲ. 1959ರ ಹಿಂದಿ ಚಿತ್ರ ‘ಕಾಗಜ್ ಕೆ ಫೂಲ್’ ನೋಡಿದವರಿಗೆ ಈ ದೃಶ್ಯ ಗೊತ್ತು. ಚಿತ್ರದ ನಿರ್ದೇಶಕ, ನಾಯಕ ಗುರುದತ್ ಮತ್ತು ನಟಿ ವಹೀದಾ ರೆಹಮಾನ್ ನಿಂತಿರುವ ಆ ಬೆಳಕನ್ನು ಇಳಿಸಿದವರು ನಮ್ಮ ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ ಛಾಯಾಗ್ರಾಹಕ ವಿ.ಕೆ. ಮೂರ್ತಿ.

ಸ್ಟುಡಿಯೊದ ದೀಪ ಎಷ್ಟೇ ದೊಡ್ಡದಿರಲಿ, ಅದರ ಬೆಳಕು ದೂರ ಹೋದಷ್ಟೂ ಹರಡಿಕೊಳ್ಳುತ್ತದೆ. ಸೂರ್ಯನ ಕಿರಣ ಹಾಗಲ್ಲ, ಬಂದ ಗೆರೆಯನ್ನು ಬಿಡದೆ ನೇರವಾಗಿ ಸಾಗುತ್ತದೆ. ಮೂರ್ತಿಯವರು ಹೊರಗೆ ಬಿಸಿಲಿನಲ್ಲಿ ಒಂದು ದೊಡ್ಡ ಕನ್ನಡಿ ನಿಲ್ಲಿಸಿದರು, ಒಳಗೆ ಎತ್ತರದಲ್ಲಿ ಇನ್ನೊಂದು. ಮೊದಲನೆಯದು ಬಿಸಿಲನ್ನು ಎರಡನೆಯದಕ್ಕೆ ದಾಟಿಸಿತು, ಎರಡನೆಯದು ನೆಲಕ್ಕೆ ಇಳಿಸಿತು. ಸೂರ್ಯ ಜರುಗಿದಂತೆ ಕನ್ನಡಿಯನ್ನೂ ಜರುಗಿಸಬೇಕು. ನಮ್ಮ ಹೆಂಚಿನ ಮನೆಗಳಲ್ಲಿ ಬೆಳಕಿಂಡಿಯ ಗಾಜಿನಿಂದ ಅಡುಗೆಮನೆಯ ಹೊಗೆಯೊಳಗೆ ಬಿಸಿಲು ಇಳಿಯುತ್ತಿತ್ತಲ್ಲ, ತತ್ತ್ವ ಅದೇ. ಹೊಗೆಯೋ ಧೂಳೋ ಇಲ್ಲದಿದ್ದರೆ ಕೋಲು ಕಾಣುವುದಿಲ್ಲ.

‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅಗಲವಾದ ದೃಶ್ಯವನ್ನು ಮಸೂರವೊಂದು ಇಕ್ಕೆಲದಿಂದ ಒತ್ತಿ ಮಾಮೂಲಿ ಫಿಲ್ಮಿನಲ್ಲಿ ಕೂರಿಸುತ್ತದೆ. ಚಿತ್ರಮಂದಿರದಲ್ಲಿ ಇನ್ನೊಂದು ಮಸೂರ ಅದನ್ನು ಮತ್ತೆ ಹಿಗ್ಗಿಸುತ್ತದೆ. ಹೊಸದಾಗಿ ಇಷ್ಟು ಅಗಲದ ಪರದೆ ಸಿಕ್ಕರೆ ಯಾರಿಗಾದರೂ ಅದರ ತುಂಬ ಜನ, ಕುದುರೆ, ಅರಮನೆ ತುಂಬಿಸುವ ಆಸೆಯಾದೀತು. ಮೂರ್ತಿಯವರು ಅದರ ಬಹುಭಾಗವನ್ನು ಕತ್ತಲೆಗೆ ಬಿಟ್ಟರು. ನನ್ನ ಮಟ್ಟಿಗೆ ಅವರ ಎದೆಗಾರಿಕೆ ಇರುವುದು ಕನ್ನಡಿಯ ಉಪಾಯಕ್ಕಿಂತ ಹೆಚ್ಚಾಗಿ ಇಲ್ಲಿ. ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಬಿದ್ದುಹೋಯಿತು. ಆಮೇಲೆ ಗುರುದತ್ ಯಾವ ಚಿತ್ರಕ್ಕೂ ನಿರ್ದೇಶಕರೆಂದು ತಮ್ಮ ಹೆಸರು ಹಾಕಿಕೊಳ್ಳಲಿಲ್ಲ. ಆದರೂ ಛಾಯಾಗ್ರಹಣಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು.

ಛಾಯಾಗ್ರಹಣ! ಈ ಪದವನ್ನೊಮ್ಮೆ ಬಿಡಿಸಿ ನೋಡಿ. ಸೆಟ್ಟಿನಲ್ಲಿ ಎಲ್ಲರೂ ‘ಲೈಟ್ಸ್’ ಎಂದು ಕೂಗುತ್ತಾರೆ. ನಮ್ಮ ಪದದಲ್ಲಿ ಬೆಳಕಿನ ಸುದ್ದಿಯೇ ಇಲ್ಲ, ಇರುವುದೆಲ್ಲ ನೆರಳು ಹಿಡಿಯುವ ಮಾತು. ಮೂರ್ತಿಯವರೇ ಛಾಯಾಗ್ರಹಣ ಮಾಡಿದ 1962ರ ‘ಸಾಹಿಬ್ ಬೀಬಿ ಔರ್ ಗುಲಾಮ್’ ಚಿತ್ರದ ಮುಜ್ರಾ, ಅಂದರೆ ನರ್ತಕಿಯರ ಹಾಡು-ಕುಣಿತ, ನೋಡಿ. ನಡುವಿನ ನರ್ತಕಿಯ ಮೇಲೆ ಪೂರ್ಣ ಬೆಳಕಿದೆ. ಸುತ್ತಲಿನವರು ಬರೀ ಆಕೃತಿಗಳು, ಮುಖವೇ ಇಲ್ಲ. ಹೆಜ್ಜೆ ಮುಂದಿಟ್ಟರೂ ಕತ್ತಲೆ ಅವರನ್ನು ಬಿಡುವುದಿಲ್ಲ. ದೀಪ ಹಚ್ಚುವುದು ಸುಲಭ. ಕುಣಿಯುವವರ ಮೇಲೆ ಬೀಳದ ಹಾಗೆ ಅದಕ್ಕೆ ಬೇಲಿ ಹಾಕುವುದು ಕಷ್ಟ.

ಮೂರ್ತಿಯವರು ಓದಿದ್ದು ಬೆಂಗಳೂರಿನಲ್ಲಿ, ಇಂದು ನಾವು ಎಸ್.ಜೆ. ಪಾಲಿಟೆಕ್ನಿಕ್ ಎನ್ನುವ ಸಂಸ್ಥೆಯಲ್ಲಿ. 1946ರಲ್ಲಿ ಸಿನಿಮಾ ಛಾಯಾಗ್ರಹಣದ ಡಿಪ್ಲೊಮಾ ಪಡೆದರು. ಪಿಟೀಲನ್ನೂ ನುಡಿಸುತ್ತಿದ್ದರು. ಬೊಂಬಾಯಿಯಲ್ಲಿ ಫಲಿ ಮಿಸ್ತ್ರಿಯಂಥ ಹಿರಿಯರ ಕೈಕೆಳಗೆ ದುಡಿದು, 1951ರ ‘ಬಾಜಿ’ಯ ಹೊತ್ತಿಗೆ ವಿ. ರಾತ್ರಾ ಅವರ ಸಹಾಯಕರಾಗಿದ್ದರು. ಅದು ಗುರುದತ್ತರ ಮೊದಲ ನಿರ್ದೇಶನ. ಕನ್ನಡಿಯ ಪ್ರತಿಬಿಂಬದಿಂದ ಶುರುವಾಗಿ ಕ್ಯಾಮೆರಾ ಸರಿಯುತ್ತ ಹೋಗುವ ಒಂದು ಶಾಟನ್ನು ಈ ಸಹಾಯಕ ಸೂಚಿಸಿದರು, ಕ್ಯಾಮೆರಾವನ್ನು ತಾವೇ ನಡೆಸಿಯೂ ತೋರಿಸಿದರು. ಮರುವರ್ಷದ ‘ಜಾಲ್’ ಚಿತ್ರಕ್ಕೆ ಅವರೇ ಛಾಯಾಗ್ರಾಹಕ. ಅಲ್ಲಿಂದ ಗುರುದತ್ ನಿರ್ದೇಶಿಸಿದ ಬಹುತೇಕ ಚಿತ್ರಗಳಿಗೆ ಇವರದೇ ಕಣ್ಣು. ಮೊದಲ ಅದೃಷ್ಟವೂ ಕನ್ನಡಿಯಿಂದ, ದೊಡ್ಡ ಹೆಸರೂ ಕನ್ನಡಿಯಿಂದ. ಕಥೆಗಾರ ಹೀಗೆ ಬರೆದಿದ್ದರೆ ಕೃತಕ ಎನ್ನುತ್ತಿದ್ದೆವು.

1964ರಲ್ಲಿ ಗುರುದತ್ ತೀರಿಕೊಂಡರು. ಆಮೇಲೆ ಮೂರ್ತಿಯವರು ಪ್ರಮೋದ್ ಚಕ್ರವರ್ತಿಯವರ ‘ಲವ್ ಇನ್ ಟೋಕಿಯೊ’, ‘ಜುಗ್ನು’ ಮುಂತಾದ ಬಣ್ಣದ ಚಿತ್ರಗಳಲ್ಲಿ ದುಡಿದರು. ಕಸುಬಿನಲ್ಲಿ ಕೊರತೆ ಕಾಣದು. ನನಗೆ ಮಾತ್ರ ಅವುಗಳಲ್ಲಿ ಆ ಹಳೆಯ ಕತ್ತಲೆ ಸಿಗುವುದಿಲ್ಲ.

ನನಗೆ ನಿಜವಾಗಿ ಬೆರಗು ಹುಟ್ಟಿಸುವುದು 1988. ಅರವತ್ತೈದರ ಅಂಚಿನಲ್ಲಿದ್ದ ಮನುಷ್ಯ ದೂರದರ್ಶನಕ್ಕೆ ಬಂದರು. ಗೋವಿಂದ ನಿಹಲಾನಿ ದೇಶವಿಭಜನೆಯ ಕುರಿತ ‘ತಮಸ್’ ನಿರ್ದೇಶಿಸಿದರು. ಆ ನಿಹಲಾನಿ ಯಾರು? ಬೆಂಗಳೂರಿನ ಅದೇ ಪಾಲಿಟೆಕ್ನಿಕ್ಕಿನಲ್ಲಿ ಓದಿ, ಇದೇ ಮೂರ್ತಿಯವರ ಸಹಾಯಕರಾಗಿ ಬೆಳಕು ಹಿಡಿಯುವುದನ್ನು ಕಲಿತವರು. ಈಗ ಶಿಷ್ಯ ನಿರ್ದೇಶಕ, ಗುರು ಛಾಯಾಗ್ರಾಹಕ. ಅದೇ ಕಾಲಕ್ಕೆ ಶ್ಯಾಮ್ ಬೆನಗಲ್ ಅವರ 53 ಕಂತುಗಳ ‘ಭಾರತ್ ಏಕ್ ಖೋಜ್’ ಧಾರಾವಾಹಿಗೂ ಕೆಲಸ ಮಾಡಿದರು.

ದೇಶದ ಅತಿ ಅಗಲದ ಪರದೆಗೆ ಮೊದಲು ಬೆಳಕು ಕೊಟ್ಟವರು ಈಗ ಅತಿ ಚಿಕ್ಕ ಪೆಟ್ಟಿಗೆಯ ಮುಂದೆ ನಿಂತಿದ್ದರು. ಸಿನಿಮಾಸ್ಕೋಪಿನ ಅಗಲ ಎತ್ತರದ ಎರಡೂಕಾಲು ಪಟ್ಟಿಗೂ ಮಿಕ್ಕಿದ್ದು, ಟಿವಿಯದು ಒಂದೂಕಾಲು ಪಟ್ಟಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಅಂದಿನ ಟಿವಿಗಳಲ್ಲಿ ಆಳವಾದ ನೆರಳು ಕಲಸಿಹೋಗಿ ಕೆಸರಿನಂತೆ ಕಾಣುತ್ತಿತ್ತು. ಮೂಲೆಯಲ್ಲಿ ನಿಂತ ಮನುಷ್ಯ ಚುಕ್ಕೆಯಾಗುತ್ತಿದ್ದ. ಇಲ್ಲಿ ಮುಖವೇ ಎಲ್ಲ. ನಮ್ಮ ಮನೆಯಲ್ಲಿದ್ದದ್ದು ಕಪ್ಪು-ಬಿಳುಪು ಟಿವಿ. ಬಣ್ಣದಲ್ಲಿ ತೆಗೆದ ‘ತಮಸ್’ ನಮಗೆ ಕಂಡದ್ದು ಕಪ್ಪು-ಬಿಳುಪಿನಲ್ಲೇ. ಮೂರ್ತಿಯವರ ಛಾಯಾಗ್ರಹಣವನ್ನು ಅವರ ತವರಿನಲ್ಲೇ ನೋಡಿದ ಹಾಗಾಯಿತು ಎಂದು ಈಗ ಅನ್ನಿಸುತ್ತದೆ. ಅಂದು ಆ ಹೆಸರನ್ನು ನಾನು ಗಮನಿಸಿರಲೂ ಇಲ್ಲ. ಹೆಸರುಗಳು ಬರುವಾಗ ಮನೆಯವರೆಲ್ಲ ನೀರು ಕುಡಿಯಲು ಎದ್ದಿರುತ್ತಿದ್ದರು.

1993ರಲ್ಲಿ ರಾಜೇಂದ್ರಸಿಂಗ್ ಬಾಬು ಅವರ ‘ಹೂವು ಹಣ್ಣು’ ಚಿತ್ರಕ್ಕಾಗಿ ಕನ್ನಡಕ್ಕೂ ಬಂದರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಿಕ್ಕಿತು. ಛಾಯಾಗ್ರಾಹಕರೊಬ್ಬರಿಗೆ ಅದು ಸಂದದ್ದು ಅದೇ ಮೊದಲು. 2014ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ತೊಂಬತ್ತು ವರ್ಷವಾಗಿತ್ತು.

ಈಗ ಕಣ್ಣು ತೆರೆಯಬಹುದು. ಇವತ್ತು ರಾತ್ರಿ ಬಿಡುವಿದ್ದರೆ, ‘ಕಾಗಜ್ ಕೆ ಫೂಲ್’ ಚಿತ್ರದ ‘ವಕ್ತ್ ನೆ ಕಿಯಾ’ ಹಾಡನ್ನು ಮೊಬೈಲಿನಲ್ಲಾದರೂ ಹಾಕಿ ನೋಡಿ. ರೇಡಿಯೊದವನು ಹೀಗೆ ಹೇಳಬಾರದು, ಗೀತಾ ದತ್ ಅವರ ಕ್ಷಮೆಯನ್ನೂ ಕೇಳುತ್ತೇನೆ, ಆದರೂ ಮೊದಲ ಸಲ ಧ್ವನಿಯನ್ನು ಪೂರ್ತಿ ನಿಲ್ಲಿಸಿಬಿಡಿ. ವಹೀದಾ ಅವರನ್ನೂ ನೋಡಬೇಡಿ. ಬಿಸಿಲುಕೋಲಿನ ಅಂಚು ಎಲ್ಲಿ ಮುಗಿಯುತ್ತದೆ, ಅಷ್ಟನ್ನು ನೋಡಿ.

ನಮಸ್ಕಾರ.