ಮೀಟಿಂಗ್‌ನಲ್ಲಿ ದನಿ ಕಡಿಯುತ್ತಿದೆಯಾ? ರೂಟರ್‌ನಲ್ಲಿ ಈ ಒಂದು ಅಂಕಿ ಸರಿ ಮಾಡಿ

[ತೆರೆಯ ಮೇಲೆ: ಮನೆಯ ರೂಟರ್, ಲ್ಯಾಪ್‌ಟಾಪ್, ಫೋನ್]

ನಮಸ್ಕಾರ. ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲು ಹತ್ತುತ್ತಿದ್ದ ಎಷ್ಟೋ ಜನ ಈಗ ಕೆಲವು ದಿನ ಮನೆಯಿಂದಲೇ ಕೆಲಸ ಮಾಡುತ್ತಾರೆ. ಕ್ಯಾತ್ಸಂದ್ರದ ಒಂದು ಮನೆ ಅಂದುಕೊಳ್ಳಿ. ಅಕ್ಕ ಮೀಟಿಂಗ್‌ನಲ್ಲಿದ್ದಾರೆ. ತಮ್ಮನ ಫೋನು ಸಿದ್ಧಗಂಗಾ ಜಾತ್ರೆಯ ವಿಡಿಯೋಗಳನ್ನೆಲ್ಲ ಕ್ಲೌಡ್‌ಗೆ ಏರಿಸುತ್ತಿದೆ. ಅಷ್ಟರಲ್ಲೇ "ಹಲೋ, ಕೇಳಿಸ್ತಿದ್ಯಾ?" ಶುರು.

ಇದಕ್ಕೆ ದುಬಾರಿ ಪ್ಲಾನ್ ಬೇಕಾಗಿಲ್ಲ. ಬರೀ ಮಾತಿಗೆ ಸುಮಾರು 100 ಕೆಬಿಪಿಎಸ್ ಸಾಕು. ತೊಂದರೆ ಇರುವುದು ಸಾಲಿನಲ್ಲಿ. ವಿಡಿಯೋದ ಪ್ಯಾಕೆಟ್‌ಗಳು, ಅಂದರೆ ಡೇಟಾದ ಸಣ್ಣ ತುಣುಕುಗಳು, ಅಪ್‌ಲೋಡ್ ಸಾಲನ್ನು ತುಂಬಿಬಿಡುತ್ತವೆ, ಅಕ್ಕನ ಮಾತು ಅವುಗಳ ಹಿಂದೆ ಕಾಯುತ್ತದೆ. ತಡವಾಗಿ ಬಂದ ಮಾತಿಂದ ಏನು ಉಪಯೋಗ?

[ತೆರೆಯ ಮೇಲೆ: ರೂಟರ್‌ನ ಕ್ಯೂಓಎಸ್ ಪುಟ]

ಬ್ರೌಸರ್‌ನಲ್ಲಿ 192.168.0.1 ಅಥವಾ 192.168.1.1 ಹಾಕಿ. ಸರಿಯಾದ ವಿಳಾಸ ರೂಟರ್‌ನ ತಳದ ಸ್ಟಿಕ್ಕರ್ ಮೇಲಿರುತ್ತದೆ. ಒಳಗೆ ಹೋಗಿ ಕ್ಯೂಓಎಸ್ (QoS), ಅಂದರೆ ಯಾವುದನ್ನು ಮೊದಲು ಕಳಿಸಬೇಕು ಅಂತ ತೀರ್ಮಾನಿಸುವ ಸೆಟ್ಟಿಂಗ್, ಆನ್ ಮಾಡಿ. ಕೂಡಲೇ ಬ್ಯಾಂಡ್‌ವಿಡ್ತ್ ಎಷ್ಟು ಅಂತ ಕೇಳುತ್ತದೆ. ಬಹಳ ಜನ ಇಲ್ಲಿ ಸುಮ್ನೆ ಪ್ಲಾನ್‌ನಲ್ಲಿರುವ ಅಂಕಿ ಹಾಕಿ ಮುಂದೆ ಹೋಗುತ್ತಾರೆ. ದಯವಿಟ್ಟು ಇಲ್ಲಿ ನಿಲ್ಲಿ.

ಉಳಿದ ಫೋನ್, ಟಿವಿಗಳ ವೈಫೈ ಆಫ್ ಮಾಡಿ, ಲ್ಯಾಪ್‌ಟಾಪ್‌ಗೆ ಕೇಬಲ್ ಹಾಕಿ ಸ್ಪೀಡ್ ಟೆಸ್ಟ್ ಮಾಡಿ. 40 ಎಂಬಿಪಿಎಸ್ ಪ್ಲಾನ್‌ನಲ್ಲಿ ಅಪ್‌ಲೋಡ್ 36 ಬಂತು ಅಂದುಕೊಳ್ಳೋಣ. 32 ಹಾಕಿ. ಡೌನ್‌ಲೋಡ್‌ಗೂ ಹೀಗೇ, ಸಿಕ್ಕಿದ್ದರಲ್ಲಿ ಶೇಕಡ 10ರಷ್ಟು ಕಡಿಮೆ.

ಯಾಕೆ ಕಡಿಮೆ? 40 ಅಂತ ಹಾಕಿದರೆ ರೂಟರ್ ಎಲ್ಲವನ್ನೂ ಹಾಗೇ ಹೊರಗೆ ತಳ್ಳುತ್ತದೆ. ಸಾಲು ಮುಂದೆ, ಇಂಟರ್‌ನೆಟ್ ಕಂಪನಿಯ ಪೆಟ್ಟಿಗೆಯಲ್ಲಿ ಬೆಳೆಯುತ್ತದೆ. ಅಲ್ಲಿ ಅಕ್ಕನ ಲ್ಯಾಪ್‌ಟಾಪ್ ಯಾವುದು ಅಂತ ಯಾರಿಗೂ ಗೊತ್ತಿಲ್ಲ. 32 ಹಾಕಿದರೆ ಸಾಲು ನಿಮ್ಮ ರೂಟರ್‌ನಲ್ಲೇ ನಿಲ್ಲುತ್ತದೆ. ಯಾರನ್ನು ಮೊದಲು ಬಿಡಬೇಕು ಅನ್ನೋದು ಆಗ ಅದರ ಕೈಯಲ್ಲಿರುತ್ತದೆ.

ಈಗ ಸಾಧನಗಳ ಪಟ್ಟಿಯಲ್ಲಿ ಆಫೀಸ್ ಲ್ಯಾಪ್‌ಟಾಪ್‌ಗೆ ಹೈ ಪ್ರಯಾರಿಟಿ ಕೊಡಿ. ಅದೊಂದಕ್ಕೇ ಸಾಕು. ಮನೆಯವರಿಗೆಲ್ಲ ಕೊಟ್ಟರೆ ಮತ್ತೆ ಅದೇ ಸಾಲು, ಅಲ್ವಾ? ಫೋನ್‌ಗೆ ಕೊಡುವುದಾದರೆ ಒಂದು ವಿಷಯ ನೋಡಿ. ಆಂಡ್ರಾಯ್ಡ್ 10, ಐಓಎಸ್ 14ರಿಂದ ಈಚೆಗೆ ಫೋನ್‌ಗಳು ತಮ್ಮ ನಿಜವಾದ ಮ್ಯಾಕ್ ಅಡ್ರೆಸ್, ಅಂದರೆ ರೂಟರ್ ಸಾಧನವನ್ನು ಗುರುತಿಸುವ ಸಂಖ್ಯೆ, ಮುಚ್ಚಿಡುತ್ತವೆ. ಅಡ್ರೆಸ್ ಬದಲಾದರೆ ರೂಟರ್‌ಗೆ ಅದು ಹೊಸ ಫೋನು. ಮನೆ ವೈಫೈಗೆ ಮಾತ್ರ ಫೋನಿನಲ್ಲಿ ಅಡ್ರೆಸ್ ಮುಚ್ಚಿಡುವ ಆ ಸೆಟ್ಟಿಂಗ್ ಆಫ್ ಮಾಡಿ.

ಡಬ್ಲ್ಯೂಎಂಎಂ ಅಂತ ಕಂಡರೆ ಅದನ್ನು ಮುಟ್ಟಬೇಡಿ, ಆನ್ ಇರಲಿ. ವೈಫೈನಲ್ಲಿ ದನಿ, ವಿಡಿಯೋಗೆ ಮೊದಲ ಸರದಿ ಕೊಡುವುದು ಅದೇ. ಆಫ್ ಮಾಡಿದರೆ ವೈಫೈ 54 ಎಂಬಿಪಿಎಸ್‌ನ ಹಳೇ ವೇಗಕ್ಕೆ ಇಳಿಯಬಹುದು. ಇನ್ನು, ಸಿಗ್ನಲ್ಲೇ ಬಾರದ ಕೋಣೆಗೆ ಕ್ಯೂಓಎಸ್‌ನಿಂದ ಏನೂ ಆಗುವುದಿಲ್ಲ. ಅಲ್ಲಿ ರೂಟರ್ ಜಾಗ ಬದಲಿಸಿ.

[ತೆರೆಯ ಮೇಲೆ: ಪಿಂಗ್ ಓಡುತ್ತಿರುವ ಕಪ್ಪು ಕಿಟಕಿ]

ಒಂದು ದೊಡ್ಡ ಫೈಲ್ ಅಪ್‌ಲೋಡ್‌ಗೆ ಹಾಕಿ, ಜೊತೆಗೇ ಪಿಂಗ್ ಓಡಿಸಿ; ಒಂದು ಸಂದೇಶ ಹೋಗಿ ಬರಲು ಎಷ್ಟು ಹೊತ್ತು ಅಂತ ತೋರಿಸುವ ಕಮಾಂಡ್ ಅದು. ಮಿಲಿಸೆಕೆಂಡ್ ಇನ್ನೂ ನೂರಾರಕ್ಕೆ ಹಾರುತ್ತಿದ್ದರೆ 32 ಅನ್ನು 30 ಮಾಡಿ ಮತ್ತೆ ನೋಡಿ.