ಆ ರೈಲು ಓಡಿಸ್ತಿದ್ದಿದ್ದು ಅವರಲ್ವಲ್ಲ?

ಕೇಳುಗರಿಗೆ ನಮಸ್ಕಾರ.

ಮಕ್ಕಳಿಗೆ ಒಂದು ಜೀವನಚರಿತ್ರೆ ಬರೆಯೋದು ಸುಲಭದ ಕೆಲಸ ಅಂದುಕೊಂಡು ಕೈಹಾಕಿದೆ. ಲಾಲ್ ಬಹಾದ್ದೂರ್ ಶಾಸ್ತ್ರಿಯವರದು. ಐವತ್ತು ಪುಟವೂ ಇಲ್ಲದ ಪುಸ್ತಕ, ನಡುನಡುವೆ ಚಿತ್ರ ಬೇರೆ. ಹದಿನೈದು ದಿನದಲ್ಲಿ ಬರೆದು ಮುಗಿಸಿದೆ. ಪ್ರೆಸ್ಸಿಗೆ ಕೊಡುವ ಮೊದಲು ಒಂದು ಸಲ ಮಗುವಿನ ಕಿವಿಗೆ ಹಾಕೋಣ ಅಂತ ಅಕ್ಕನ ಮಗಳನ್ನು ಜಗಲಿ ಮೇಲೆ ಕೂರಿಸಿಕೊಂಡೆ. ಐದನೇ ಕ್ಲಾಸು. ಮಡಿಲಲ್ಲಿ ಒಂದು ಬಟ್ಟಲು ಕಡಲೆಪುರಿ. ಮೊದಲ ಸಾಲು ಓದಿದೆ: ಲಾಲ್ ಬಹಾದ್ದೂರರು 1904ರ ಅಕ್ಟೋಬರ್ 2ರಂದು ಮೊಘಲ್‌ಸರಾಯ್‌ನ ಒಂದು ಬಡ ಕುಟುಂಬದಲ್ಲಿ ಜನಿಸಿದರು. ಅವಳು ಪುರಿ ಅಗಿಯುತ್ತಲೇ, "ಮಾಮ, ಇದು ನಮ್ಮ ಮಿಸ್ ಬರೆಸೋ ಭಾಷಣ" ಅಂದಳು.

ಹೌದು, ಅದೇ. ಅಕ್ಟೋಬರ್ 2 ಬಂತು ಅಂದರೆ ಶಾಲೆಯಲ್ಲಿ ಒಂದು ಮೇಜು, ಅದರ ಮೇಲೆ ಗಾಂಧೀಜಿಯ ದೊಡ್ಡ ಫೋಟೋ, ಪಕ್ಕದಲ್ಲಿ ಶಾಸ್ತ್ರೀಜಿಯ ಚಿಕ್ಕ ಫೋಟೋ. ಹಾರ ಒಂದೇ ತಂದಿದ್ದರೆ ಅದು ಯಾರಿಗೆ ಹೋಗುತ್ತದೆ ಅಂತ ನಿಮಗೂ ಗೊತ್ತು. ಆಮೇಲೆ ಒಬ್ಬ ಹುಡುಗ 'ಬಡ ಕುಟುಂಬದಲ್ಲಿ ಜನಿಸಿದರು' ಅಂತ ಉಸಿರು ಬಿಡದೆ ಒಪ್ಪಿಸುತ್ತಾನೆ, ಎಲ್ಲರೂ ಸಿಹಿ ತಿಂದು ಮನೆಗೆ. ನಾನೂ ಆ ಹುಡುಗನ ಭಾಷಣವನ್ನೇ ನಲವತ್ತೆಂಟು ಪುಟಕ್ಕೆ ಎಳೆದಿದ್ದೆ.

ಆ ಸಾಲು ಹೊಡೆದುಹಾಕಿದೆ. ಅಪ್ಪ ಶಾಲೆ ಮೇಷ್ಟ್ರು, ಆಮೇಲೆ ಅಲಹಾಬಾದಿನಲ್ಲಿ ಗುಮಾಸ್ತ. ಮಗುವಿಗೆ ಒಂದೂವರೆ ವರ್ಷ ಆಗಿದ್ದಾಗ ತೀರಿಕೊಂಡರು. ಅಮ್ಮ ರಾಮದುಲಾರಿ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೋದರು. ಅಷ್ಟು ಹೇಳಿದರೆ ಬಡತನ ತಾನಾಗಿ ತಿಳಿಯುತ್ತದೆ, ಅಲ್ವಾ?

ಮುಂದಿನ ಪುಟಕ್ಕೆ ಹೋಗೋಷ್ಟರಲ್ಲಿ ಅವಳದು ಇನ್ನೊಂದು. "ಶಾಸ್ತ್ರಿ ಅಂದ್ರೆ ಪೂಜೆ ಮಾಡೋರಾ? ನಮ್ಮ ಗೃಹಪ್ರವೇಶಕ್ಕೆ ಬಂದಿದ್ರಲ್ಲ, ಹಾಗೆ?" ನನಗೆ ಇದು ಹೊಳೆದೇ ಇರಲಿಲ್ಲ ನೋಡಿ. ನಮ್ಮ ಕಡೆ ಶಾಸ್ತ್ರಿಗಳು ಅಂದರೆ ಪಂಚೆ, ಶಲ್ಯ, ಪಂಚಾಂಗ. ಆದರೆ ಇವರದು ಕಾಯಸ್ಥರ ಮನೆ, ಉತ್ತರದ ಕಡೆ ಲೆಕ್ಕಪತ್ರ ಬರೆಯುತ್ತಿದ್ದ ಜಾತಿ, ಪೂಜೆ ಮಾಡೋರಲ್ಲ. ಹುಡುಗನಾಗಿದ್ದಾಗಲೇ ಜಾತಿ ತಿಳಿಸುವ ಹೆಸರನ್ನು ಕೈಬಿಟ್ಟಿದ್ದರು. 1921ರಲ್ಲಿ ಅಸಹಕಾರ ಚಳವಳಿಗೆ ಸ್ಕೂಲು ಬಿಟ್ಟು, ಕಾಶಿ ವಿದ್ಯಾಪೀಠ ಸೇರಿ, 1925ರಲ್ಲಿ ಪಾಸಾದಾಗ ಸಿಕ್ಕ ಡಿಗ್ರಿಯ ಹೆಸರೇ ಶಾಸ್ತ್ರಿ. ಅಂದರೆ ನಮ್ಮಲ್ಲಿ ಯಾರಾದರೂ ಸಿದ್ದಪ್ಪ ಬಿ.ಎ. ಅಂತ ಬೋರ್ಡು ಹಾಕಿಕೊಂಡ ಹಾಗೆ. ತಮಾಷೆ ಏನು ಗೊತ್ತಾ, ಜಾತಿಯ ಹೆಸರು ಬೇಡ ಅಂತ ಬಿಟ್ಟವರ ಡಿಗ್ರಿಯೇ ಮುಂದೆ ಮಕ್ಕಳಿಗೆ ಮನೆತನದ ಹೆಸರಾಗಿ ನಿಂತಿತು.

ಗಂಗೆ ಈಜಿದ ಕಥೆಗೂ ಕತ್ತರಿ ಬಿತ್ತು. ದೋಣಿಗೆ ಕಾಸಿಲ್ಲದೆ ನದಿ ಈಜಿ ಶಾಲೆಗೆ ಹೋಗುತ್ತಿದ್ದರು ಅನ್ನುತ್ತಾರೆ ಕೆಲವರು, ಇಲ್ಲ, ಜಾತ್ರೆ ನೋಡಿ ಬರುವಾಗ ಒಂದೇ ಸಲ ಈಜಿದ್ದು ಅನ್ನುತ್ತಾರೆ ಇನ್ನು ಕೆಲವರು. ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ ಇರುವ ಕಥೆಯನ್ನು ಮಕ್ಕಳಿಗೆ ಸತ್ಯ ಅಂತ ಕೊಡೋಕೆ ಮನಸ್ಸು ಬರಲಿಲ್ಲ.

ಆದರೆ ಸುಸ್ತು ಮಾಡಿಸಿದ್ದು ರೈಲಿನ ಅಧ್ಯಾಯ. ಅಲ್ಲಿ ನಾನು ಎರಡೇ ಸಾಲು ಬರೆದಿದ್ದೆ. ರೈಲು ಅಪಘಾತ ಆಯಿತು, ರೈಲ್ವೆ ಮಂತ್ರಿಯಾಗಿದ್ದ ಶಾಸ್ತ್ರಿಯವರು ರಾಜೀನಾಮೆ ಕೊಟ್ಟರು. ಅವಳು ಪುರಿ ತಿನ್ನೋದು ನಿಲ್ಲಿಸಿದಳು. "ಆ ರೈಲು ಓಡಿಸ್ತಿದ್ದಿದ್ದು ಅವರಲ್ವಲ್ಲ? ಮತ್ತೆ ಅವರ್ಯಾಕೆ ಬಿಡಬೇಕು?"

ಏನು ಹೇಳೋದು? ಪ್ರಾಮಾಣಿಕತೆ ಅಂದೆ. ಅವಳಿಗೆ ಹಿಡಿಸಲಿಲ್ಲ. ಆವತ್ತು ರಾತ್ರಿ ಕೂತು ಆ ಅಧ್ಯಾಯವನ್ನು ಹೊಸದಾಗಿ ಬರೆದೆ. 1956. ಮೊದಲು ಮೆಹಬೂಬ್‌ನಗರದ ಹತ್ತಿರ ಒಂದು ಅಪಘಾತ, ನೂರಕ್ಕೂ ಹೆಚ್ಚು ಜನ ಸತ್ತರು. ಶಾಸ್ತ್ರಿಯವರು ಆಗಲೇ ರಾಜೀನಾಮೆ ಪತ್ರ ಕೊಟ್ಟರು, ನೆಹರು ಬೇಡ ಅಂದರು. ಮೂರು ತಿಂಗಳೂ ಕಳೆದಿಲ್ಲ, ನವೆಂಬರ್ 23ರ ಬೆಳಗಿನ ಜಾವ ತಮಿಳುನಾಡಿನ ಅರಿಯಲೂರಿನ ಹತ್ತಿರ ಮಳೆ ಸುರಿದು ಹೊಳೆ ಉಕ್ಕಿ ರೈಲು ಸೇತುವೆ ಕುಸಿಯಿತು. ಮದ್ರಾಸಿನಿಂದ ತೂತ್ತುಕುಡಿಗೆ ಹೊರಟಿದ್ದ ಎಕ್ಸ್‌ಪ್ರೆಸ್ ನೀರಿಗೆ ಬಿತ್ತು. ನಿದ್ದೆಯಲ್ಲಿದ್ದ ಜನ. 140ಕ್ಕೂ ಹೆಚ್ಚು ಸಾವು. ಈ ಸಲ ಅವರು ಪತ್ರ ವಾಪಸ್ ತಗೊಳ್ಳಲಿಲ್ಲ. ತಪ್ಪು ಇವರದ್ದಲ್ಲ, ಆದರೂ ಒಳ್ಳೆ ಪದ್ಧತಿಯೊಂದು ಬೆಳೆಯಲಿ ಅಂತ ಒಪ್ಪುತ್ತಿದ್ದೇನೆ ಅನ್ನೋ ಅರ್ಥದಲ್ಲಿ ನೆಹರು ಪಾರ್ಲಿಮೆಂಟಿನಲ್ಲಿ ಮಾತಾಡಿದರು.

ಮರುದಿನ ಇದನ್ನು ಓದಿದಾಗ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಾಗಾದ್ರೆ ಸೇತುವೆ ನೋಡ್ಕೋಬೇಕಾಗಿದ್ದೋರು ಏನಾದ್ರು?" ಅಂತ ಕೇಳಿದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಪ್ರಶ್ನೆಯನ್ನು ಹಾಗೇ ಪುಸ್ತಕದಲ್ಲಿ ಹಾಕಿದೆ, ಅವಳ ಮಾತಿನಲ್ಲೇ.

ಇನ್ನೊಂದು ವಿಷಯ, ನಾವು ರೇಡಿಯೋದಲ್ಲಿ ಕೂತು ಮಾತಾಡ್ತಿರೋದರಿಂದ ಹೇಳಲೇಬೇಕು. 1965 ಅಂದ ಕೂಡಲೇ ಮಕ್ಕಳ ಪುಸ್ತಕಗಳು ನೇರ ಯುದ್ಧಕ್ಕೆ ಹೋಗುತ್ತವೆ, ಜೈ ಜವಾನ್ ಜೈ ಕಿಸಾನ್ ಅನ್ನುತ್ತವೆ. ಅದೇ ವರ್ಷದ ಜನವರಿಯಲ್ಲಿ ಹಿಂದಿ ಒಂದೇ ಆಡಳಿತ ಭಾಷೆ ಆಗುತ್ತದೆ ಅಂತ ಮದ್ರಾಸ್ ಪ್ರಾಂತ ಹೊತ್ತಿ ಉರಿದಿತ್ತು. ವಿದ್ಯಾರ್ಥಿಗಳು ಬೀದಿಗಿಳಿದರು, ಗೋಲಿಬಾರ್ ಆಯಿತು, ಮೈಗೆ ಬೆಂಕಿ ಹಚ್ಚಿಕೊಂಡು ಸತ್ತವರಿದ್ದಾರೆ. ಸಿ. ಸುಬ್ರಮಣಿಯಂ, ಓ.ವಿ. ಅಳಗೇಶನ್ ಇಬ್ಬರೂ ಕೇಂದ್ರ ಮಂತ್ರಿ ಪದವಿಗೆ ರಾಜೀನಾಮೆ ಬರೆದುಕೊಟ್ಟರು. ಫೆಬ್ರವರಿ 11ರಂದು ಶಾಸ್ತ್ರಿಯವರು ಆಕಾಶವಾಣಿಯಲ್ಲಿ ಮಾತಾಡಿ, ಹಿಂದಿಯೇತರ ರಾಜ್ಯಗಳು ಬೇಕು ಅನ್ನುವವರೆಗೂ ಇಂಗ್ಲಿಷ್ ಇರುತ್ತದೆ ಅಂತ ಮಾತು ಕೊಟ್ಟರು. ಹಿಂದಿ ಪ್ರಾಂತದ ಮನುಷ್ಯ, ಸ್ವಲ್ಪ ತಡವಾಗಿಯೇ ಆದರೂ, ಹಿಂದೆ ಸರಿದರು. ನನಗಂತೂ ಗಂಗೆ ಈಜಿದ್ದಕ್ಕಿಂತ ಇದು ಜಾಸ್ತಿ ಕಷ್ಟದ್ದು ಅನ್ನಿಸುತ್ತದೆ. ಕನ್ನಡದ ಮಕ್ಕಳಿಗೆ ಇದನ್ನು ಹೇಳದೆ ಇನ್ಯಾರಿಗೆ ಹೇಳೋದು?

ಸೋಮವಾರ ರಾತ್ರಿ ಒಂದು ಊಟ ಬಿಡಿ ಅಂತ ದೇಶಕ್ಕೆ ಕೇಳಿಕೊಂಡಿದ್ದು ನಿಮ್ಮಲ್ಲಿ ವಯಸ್ಸಾದವರಿಗೆ ನೆನಪಿರಬಹುದು. ಗೋಧಿಗೆ ಅಮೆರಿಕದ ಹಡಗು ಕಾಯುತ್ತಿದ್ದ ಕಾಲ. ನಮ್ಮಜ್ಜಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲವಂತೆ. "ನಮ್ಮದು ಮೊದಲಿಂದ ಸೋಮವಾರ ಒಪ್ಪತ್ತೇ, ಇಷ್ಟು ದಿನ ಈಶ್ವರನಿಗೆ ಬಿಡ್ತಿದ್ದೆ, ಈಗ ಇವರ ಲೆಕ್ಕಕ್ಕೂ ಬಂತು" ಅನ್ನುತ್ತಿದ್ದಳು.

ಕಾರಿನ ವಿಷಯ ನಿಮಗೆಲ್ಲ ಗೊತ್ತಿರೋದೇ. ಪ್ರಧಾನಿ ಹನ್ನೆರಡು ಸಾವಿರದ ಫಿಯೆಟ್ ತಗೊಳ್ಳೋಕೆ ಬ್ಯಾಂಕಿನಲ್ಲಿ ಐದು ಸಾವಿರ ಸಾಲ ಮಾಡಿದರು, ಅವರು ಹೋದ ಮೇಲೆ ಹೆಂಡತಿ ಲಲಿತಾ ಅವರು ಪಿಂಚಣಿ ಹಣದಲ್ಲಿ ತೀರಿಸಿದರು. ಆ ಕಾರು ಈಗಲೂ ದೆಹಲಿಯ ಸ್ಮಾರಕದಲ್ಲಿದೆ.

ತಾಷ್ಕೆಂಟ್ ಬರೆಯುವಾಗ ಕೈ ನಿಂತಿತು. ಯುದ್ಧ ನಿಂತ ಮೇಲೆ, ಆಗ ಸೋವಿಯತ್ ಒಕ್ಕೂಟದಲ್ಲಿದ್ದ ಆ ಊರಿನಲ್ಲಿ 1966ರ ಜನವರಿ 10ರಂದು ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನರ ಜೊತೆ ಒಪ್ಪಂದಕ್ಕೆ ಸಹಿ, ಅದೇ ರಾತ್ರಿ, ತಾರೀಖು 11 ಆಗಿತ್ತು, ಸಾವು. ಹೃದಯಾಘಾತ ಅಂತ ಬರೆದೆ. ಮರಣೋತ್ತರ ಪರೀಕ್ಷೆ ಆಗಲಿಲ್ಲ, ಮನೆಯವರ ಅನುಮಾನ ಹೋಗಲಿಲ್ಲ ಅಂತಲೂ ಬರೆದೆ. ಮಕ್ಕಳಿಗೆ ಇದೆಲ್ಲ ಯಾಕೆ ಅಂದರು ಒಬ್ಬ ಸ್ನೇಹಿತರು. ಮೊಬೈಲಿನಲ್ಲಿ ಇದಕ್ಕಿಂತ ಕೆಟ್ಟದಾಗಿ ಓದುತ್ತಾರೆ ಸ್ವಾಮಿ, ನಾವೇ ನೆಟ್ಟಗೆ ಹೇಳೋದು ವಾಸಿ.

ಪುಸ್ತಕ ಪ್ರೆಸ್ಸಿಗೆ ಹೋಯಿತು. ಬೇಸಿಗೆ ರಜೆಯಲ್ಲಿ ಎಲ್ಲರೂ ಆಲಮಟ್ಟಿಗೆ ಹೋಗಿದ್ದೆವು. ಸೆಕೆ ಅಂದರೆ ಸೆಕೆ. ಜಲಾಶಯಕ್ಕೆ ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರ ಅಂತ ಹೆಸರು ಅಂದಾಗ ಹುಡುಗಿ ನನ್ನ ಅಂಗಿ ಹಿಡಿದು ಎಳೆದಳು. "ಅವರು ಇಲ್ಲಿಗೂ ಬಂದಿದ್ರಾ?" ಬಂದಿದ್ದರು, ಪುಟ್ಟಿ. 1964ರ ಮೇ 22ರಂದು ಈ ಅಣೆಕಟ್ಟಿಗೆ ಅಡಿಗಲ್ಲು ಹಾಕಿದ್ದು ಅವರೇ. ಆಗಿನ್ನೂ ಪ್ರಧಾನಿ ಅಲ್ಲ, ಖಾತೆ ಇಲ್ಲದ ಮಂತ್ರಿ. ಅದಾಗಿ ಐದನೇ ದಿನಕ್ಕೆ ನೆಹರು ತೀರಿಕೊಂಡರು, ಜೂನ್ 9ಕ್ಕೆ ಇವರು ಪ್ರಧಾನಿ.

ಅವಳು ನೀರನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು. "ಇದನ್ನ ಪುಸ್ತಕದಲ್ಲಿ ಹಾಕೇ ಇಲ್ವಲ್ಲ ಮಾಮ!"

ಹಾಕಿರಲಿಲ್ಲ. ಅಲ್ಲೇ ನಿಂತು ಪ್ರೆಸ್ಸಿನವರಿಗೆ ಫೋನ್ ಮಾಡಿದೆ. ಬೈಂಡಿಂಗ್ ನಡೀತಿದೆ ಅಂದರು.

ನಮಸ್ಕಾರ.